ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ: ಒಂದು ಪ್ರಸಂಗದಾಚೆಗಿನ ವೃತ್ತಿಜೀವನ

1965ರ ಯುದ್ಧದ ಮಾತು ಬಂದಾಗಲೆಲ್ಲ ಕೊಡಗಿನಲ್ಲಿ ನೆನೆಯುವ ಪ್ರಸಂಗವೊಂದಿದೆ. ಸೆರೆಸಿಕ್ಕ ಮಗನನ್ನು ಬಿಟ್ಟುಕಳಿಸುತ್ತೇವೆಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹೇಳಿಕಳಿಸಿದರು, ತಂದೆ ಕೆ.ಎಂ. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲ ತಮ್ಮ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದರು. ಈ ಹೇಳಿಕೆಯ ಬೆಳಕಿನಲ್ಲಿ ಮಗನೇ ಮರೆಯಾಗಿದ್ದಾರೆಂಬುದು ಈ ಲೇಖನದ ವಾದ.

ಪ್ರಸಂಗದ ಜನಪ್ರಿಯ ರೂಪದಲ್ಲಿ ಒಂದು ಕಾಲದೋಷವೂ ಉಂಟು. ಇದನ್ನು ಫೀಲ್ಡ್ ಮಾರ್ಷಲ್ ಒಬ್ಬರ ನಿರಾಕರಣೆ ಎಂದೇ ಬರೆಯುತ್ತಾರೆ. ಕಾರ್ಯಪ್ಪನವರಿಗೆ ಆ ಪದವಿ ಸಿಕ್ಕಿದ್ದು 1986ರಲ್ಲಿ. 1965ರಲ್ಲಿ ಅವರು ನಿವೃತ್ತ ಜನರಲ್, ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಫೀಲ್ಡ್ ಮಾರ್ಷಲ್ ಆಗಿದ್ದವರು ದೇಶವಿಭಜನೆಗೆ ಮುನ್ನ ಅವರ ಕೈಕೆಳಗೆ ದುಡಿದಿದ್ದ ಅಯೂಬ್. ಇದನ್ನು ಗಮನಿಸಿದರೆ ಆ ನಿರಾಕರಣೆಯ ತೂಕ ಇನ್ನೂ ಹೆಚ್ಚುತ್ತದೆ.

ಮನೆಯವರಿಗೆ 'ನಂದಾ' ಆಗಿದ್ದ ಕೊಡಂದೇರ ಸಿ. ಕಾರ್ಯಪ್ಪ ಹುಟ್ಟಿದ್ದು 1938ರಲ್ಲಿ. ಯುದ್ಧದ ವೇಳೆಗೆ 20ನೇ ಸ್ಕ್ವಾಡ್ರನ್ನಿನ ಫ್ಲೈಟ್ ಲೆಫ್ಟಿನೆಂಟ್. ಅವರು ಹಾರಿಸುತ್ತಿದ್ದ ಹಂಟರ್ ಒಂಟಿ ಆಸನದ ವಿಮಾನ; ಮೂತಿಯ ಕೆಳಗೆ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ನೆಲದ ಗುರಿಗಳಿಗೆ ಅವುಗಳಿಂದ ಗುಂಡಿಕ್ಕಬೇಕಾದರೆ ತೀರ ಕೆಳಗಿಳಿಯಬೇಕು, ಆಗ ವಿಮಾನ ಕೆಳಗಿನ ತೋಪುಗಳ ಅಳತೆಗೆ ಸಿಕ್ಕುತ್ತದೆ. ಸೆಪ್ಟೆಂಬರ್ 22ರಂದು ಕಸೂರ್ ವಲಯದಲ್ಲಿ ಆದದ್ದೂ ಅದೇ. ಬೆಂಕಿ ಹತ್ತಿದ ವಿಮಾನದಿಂದ ಅವರು ಆಸನಸಮೇತ ಹೊರಚಿಮ್ಮಿದರು; ಬೆನ್ನಿಗೆ ಪೆಟ್ಟಾಯಿತು, ಶತ್ರುನೆಲದಲ್ಲಿ ಸೆರೆಯಾದರು. ಮರುದಿನ ನಸುಕಿನಲ್ಲೇ ಕದನವಿರಾಮ ಜಾರಿಗೆ ಬಂತು. ಕೆಲವೇ ಗಂಟೆಗಳ ಅಂತರ!

1949ರ ಜಿನೀವಾ ಒಪ್ಪಂದದಂತೆ ಯುದ್ಧಕೈದಿಗಳನ್ನು ಭೇದವಿಲ್ಲದೆ ನಡೆಸಿಕೊಳ್ಳಬೇಕು. ತಂದೆಯ ಉತ್ತರ ಆ ತತ್ತ್ವವನ್ನೇ ಎತ್ತಿಹಿಡಿಯಿತು. ಅದರ ಬೆಲೆ ತೆತ್ತವರು ಮಗ. ಅವರು ಮರಳಿದ್ದು ತಾಷ್ಕೆಂಟ್ ಒಪ್ಪಂದದ ನಂತರ, 1966ರ ಜನವರಿಯಲ್ಲಿ.

ಕೊಡಗಿನ ಇನ್ನೊಬ್ಬ ವೈಮಾನಿಕ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಸೆಪ್ಟೆಂಬರ್ 7ರ ಸರ್ಗೋಧಾ ದಾಳಿಯಿಂದ ಅವರು ಮರಳಲಿಲ್ಲ. ಹಾನಿಗೊಂಡ ಮಿಸ್ಟೇರ್ ವಿಮಾನದಲ್ಲೇ ಅವರು ಸ್ಟಾರ್‌ಫೈಟರ್ ಒಂದನ್ನು ಕೆಡವಿದ ಸಂಗತಿ ಹೊರಬಿದ್ದದ್ದು 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಒಬ್ಬರನ್ನು ಮರೆಗೆ ತಳ್ಳಿದ್ದು ದಾಖಲೆಯ ಕೊರತೆ, ಇನ್ನೊಬ್ಬರನ್ನು ಅತಿ ಪ್ರಸಿದ್ಧ ಪ್ರಸಂಗ.

ಸೆರೆವಾಸದ ನಂತರ ನಂದಾ ಕಾರ್ಯಪ್ಪ ಮೂರು ದಶಕ ವಾಯುಪಡೆಯಲ್ಲಿದ್ದರು. ಬೆನ್ನಿನ ಗಾಯ ಅವರನ್ನು ಹೆಲಿಕಾಪ್ಟರುಗಳ ಕಡೆಗೆ ತಿರುಗಿಸಿತು. ಏರ್ ಮಾರ್ಷಲ್ ದರ್ಜೆಗೇರಿ, ಆಗ ಜೋಧ್‌ಪುರದಲ್ಲಿದ್ದ ನೈಋತ್ಯ ವಾಯು ಕಮಾಂಡಿನ ಮುಖ್ಯಸ್ಥರಾದರು. 1996ರಲ್ಲಿ ನಿವೃತ್ತರಾಗಿ ಮಡಿಕೇರಿಯ 'ರೋಶನಾರಾ' ಮನೆಗೆ ಮರಳಿದರು. ಮುಂದೆ ತಂದೆಯ ಜೀವನಚರಿತ್ರೆ ಬರೆದರು.

ತಂದೆಯನ್ನು ಕುರಿತು ಮಗ ಬರೆದಾಯಿತು. ಮಗನ ಹಾರಾಟ, ಸೆರೆವಾಸ ಮತ್ತು ಕಮಾಂಡಿನ ವರ್ಷಗಳನ್ನು ಕನ್ನಡದಲ್ಲಿ ಅಷ್ಟೇ ಶ್ರದ್ಧೆಯಿಂದ ಬರೆಯುವ ಕೆಲಸವನ್ನು ನಮ್ಮ ಇತಿಹಾಸಕಾರರು ಕೈಗೆತ್ತಿಕೊಳ್ಳಬೇಕು.