ಕದನವಿರಾಮದ ಆಚೆ: ಮೈಸೂರು ಲ್ಯಾನ್ಸರ್ಸ್ ಸೈನಿಕರ ಮನೆಯ ಹಂಬಲ, 1918–1920

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ತುರ್ಕರಿಂದ ಕೈವಶವಾದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಕಾರ್ಮೆಲ್ ಬೆಟ್ಟ ಏರಿದ್ದು, ಜೋಧಪುರದವರು ಪಟ್ಟಣಕ್ಕೆ ನುಗ್ಗಿದ್ದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಬರಹಗಳು ಬಹುಪಾಲು ಅಲ್ಲಿಗೇ ನಿಂತುಬಿಡುತ್ತವೆ. ಆ ಸವಾರರು ಊರಿಗೆ ಯಾವಾಗ ಮರಳಿದರು ಎಂದು ಕೇಳುವವರು ಕಡಿಮೆ.

ಹೈಫಾದ ನಂತರವೂ ದಳ ಉತ್ತರಕ್ಕೆ ಸಾಗಿತು. ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೆ ಕಾದಾಡಿತು. ನಾಲ್ಕೇ ದಿನಗಳಲ್ಲಿ ಮುಡ್ರೋಸ್‌ನಲ್ಲಿ ತುರ್ಕಿಯೊಂದಿಗೆ ಕದನವಿರಾಮಕ್ಕೆ ಸಹಿಯಾಯಿತು. 1914ರಲ್ಲಿ ಬೆಂಗಳೂರು ಬಿಟ್ಟವರಿಗೆ ಅಂದೇ ಗಂಟುಮೂಟೆ ಕಟ್ಟುವ ಆಸೆ ಹುಟ್ಟಿದ್ದರೆ ಅಚ್ಚರಿಯಿಲ್ಲ. ಅವರು ಮರಳಿದ್ದು ಮಾತ್ರ 1920ರಲ್ಲಿ. ಗೆದ್ದ ನಾಡನ್ನು ಕಾಯಲು ಸೈನ್ಯ ಬೇಕಿತ್ತು, ಹಡಗುಗಳ ಕೊರತೆಯಿತ್ತು, 1919ರ ಮಾರ್ಚ್‌ನಲ್ಲಿ ಈಜಿಪ್ಟಿನಲ್ಲಿ ದಂಗೆಯೆದ್ದಾಗ ಆ ಪ್ರದೇಶದ ಪಡೆಗಳ ಬಿಡುಗಡೆ ಇನ್ನಷ್ಟು ತಡವಾಯಿತು. ಬಿಡುಗಡೆಯ ಇಂಥದೇ ತಡಕ್ಕೆ ಇಂಗ್ಲೆಂಡಿನ ಸೈನಿಕರು ತೋರಿದ ಪ್ರತಿಕ್ರಿಯೆ ಬೇರೆ. 1919ರ ಜನವರಿಯಲ್ಲಿ ಫೋಕ್‌ಸ್ಟನ್ ಬಂದರಿನಲ್ಲಿ ಸಾವಿರಾರು ಮಂದಿ ಫ್ರಾನ್ಸಿಗೆ ಹೋಗುವ ಹಡಗು ಹತ್ತಲು ನಿರಾಕರಿಸಿದರು, ಸರ್ಕಾರ ಮಣಿಯಿತು. ಸಂಸ್ಥಾನದ ಸವಾರನಿಗೆ ಆ ಧೈರ್ಯದ ಬೆಲೆ ತೀರಾ ದುಬಾರಿಯಾಗುತ್ತಿತ್ತು.

ಕಾಯುತ್ತ ಕುಳಿತವರನ್ನು ಕಾಡಿದ್ದು ದೂರ ಒಂದೇ ಅಲ್ಲ. 1918ರ ಅಕ್ಟೋಬರ್‌ನಲ್ಲಿ ಡಮಾಸ್ಕಸ್ ಸುತ್ತಲಿನ ಅಶ್ವಪಡೆಯನ್ನು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಮಲಗಿಸಿದ್ದವು. ಅತ್ತ ಮೈಸೂರು ಸೀಮೆಯ ಊರೂರಲ್ಲೂ ಅದೇ ಇನ್‌ಫ್ಲುಯೆಂಜಾ ಹೆಣ ಕೆಡವುತ್ತಿತ್ತು. ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ. ಹತ್ತು ವರ್ಷಗಳ ನಂತರ 60 ಲಕ್ಷವನ್ನೂ ಮುಟ್ಟಲಿಲ್ಲ. ಯುದ್ಧದಲ್ಲಿ ಉಳಿದವನು ಮನೆಯವರ ಜೀವಕ್ಕೆ ಹೆದರುವಂಥ ವಿಪರೀತ ಅದು. ಸಮುದ್ರ ದಾಟಿ ಬರುವ ಕಾಗದ ವಾರಗಟ್ಟಲೆ ಹಳೆಯದು. ಕ್ಷೇಮವೆಂದು ಬರೆದವರೇ ಓದುವ ಹೊತ್ತಿಗೆ ಇಲ್ಲವಾಗಿರಬಹುದಿತ್ತು.

ಈ ಹಂಬಲಕ್ಕೆ ಆಧಾರಗಳೆಲ್ಲಿ? ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಬ್ರಿಟಿಷ್ ಸೆನ್ಸಾರ್ ಕಚೇರಿ ಅನುವಾದಿಸಿ ಆಯ್ದಿಟ್ಟದ್ದರಿಂದ ಅವು ಇಂದಿಗೂ ಲಂಡನ್ನಿನಲ್ಲಿ ಉಳಿದಿವೆ. ಡೇವಿಡ್ ಒಮಿಸ್ಸಿ 1999ರಲ್ಲಿ ಅವುಗಳ ಸಂಕಲನ ಪ್ರಕಟಿಸಿದರು. ಜರ್ಮನಿಯ ವ್ಯುನ್ಸ್‌ಡಾರ್ಫ್ ಸೆರೆಶಿಬಿರದಲ್ಲಿ 1916ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿಸಿಕೊಂಡ ಮಲ್ ಸಿಂಗ್ ಎಂಬ ಸಿಖ್ ಸೈನಿಕನ ದನಿಯೂ ಉಳಿದಿದೆ. ಅವನು ನೆನೆದದ್ದು ಊರಿನ ಬೆಣ್ಣೆಯನ್ನು. ಯಾರೋ ಮೂರನೆಯವನ ಕಥೆ ಎಂಬಂತೆ ತನ್ನ ಸಂಕಟ ಹೇಳಿಕೊಂಡ. ಕಾವಲುಗಾರರ ಎದುರಿನ ಮಾತಿಗೆ ಆ ಮರೆ ಬೇಕಿತ್ತೇನೊ. ಪತ್ರಗಳ ಸ್ಥಿತಿಯೂ ಅದೇ: ಬರೆಯಲು ಬಾರದವನು ಇನ್ನೊಬ್ಬನಿಂದ ಬರೆಸಬೇಕು, ಊರಲ್ಲಿ ಮತ್ತೊಬ್ಬ ಓದಿ ಹೇಳಬೇಕು, ನಡುವೆ ಸೆನ್ಸಾರ್ ಕಣ್ಣು. ಹೆಂಡತಿಗೆ ಹೇಳಬೇಕಾದದ್ದನ್ನು ಹತ್ತು ಕಿವಿಗಳು ಕೇಳುತ್ತಿದ್ದವು.

ಆದರೆ ಈ ಸಂಗ್ರಹಗಳಲ್ಲಿ ಪ್ರಧಾನವಾಗಿ ಕೇಳುವುದು ಪಂಜಾಬು ಮತ್ತು ಉತ್ತರದ ದನಿ. ಪ್ಯಾಲೆಸ್ಟೈನಿನ ಮೈಸೂರಿಗನನ್ನು ಅವುಗಳಿಂದ ಊಹಿಸಿಕೊಳ್ಳುವುದು ಅರ್ಧ ಸತ್ಯ. ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರು ಸವಾರನಿಗೊಂದು ಪ್ರತಿಮೆಯಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕಸ್ತಂಭವಿದೆ, ಮನೆಯ ಮಾತು ಎರಡರಲ್ಲೂ ಇಲ್ಲ. ಲ್ಯಾನ್ಸರ್ಸ್ ಸೈನಿಕರ ಕುಟುಂಬಗಳಲ್ಲಿ ಹಳೆಯ ಕಾಗದಗಳಿದ್ದರೆ, ಉರ್ದುವಿನಲ್ಲಿರಲಿ, ಮರಾಠಿ, ಕನ್ನಡದಲ್ಲಿರಲಿ, ರದ್ದಿಗೆ ಹಾಕುವ ಮೊದಲು ರಾಜ್ಯ ಪತ್ರಾಗಾರಕ್ಕೆ ಒಮ್ಮೆ ತೋರಿಸಿ.