ಗಣಕಯಂತ್ರದ ನಗರವು ಮನೆಯ ಆಟದ ಪೆಟ್ಟಿಗೆಗೆ ಬಂದ ಬಗೆ

ಆಟಗಳೂ ಗ್ರಂಥಗಳಂತೆಯೇ ದೇಶದಿಂದ ದೇಶಕ್ಕೆ ಸಂಚರಿಸುವುವು. ಸಂಚರಿಸುವಾಗ ರೂಪಾಂತರವನ್ನೂ ಹೊಂದುವುವು. ಭಾರತವರ್ಷದಲ್ಲಿ ಹುಟ್ಟಿದ ಚತುರಂಗವು ಪಾರಸೀಕ ದೇಶವನ್ನು ಸೇರಿ ಶತ್ರಂಜ್ ಎನಿಸಿಕೊಂಡಿತು. ಅರಬರ ಮೂಲಕ ಯೂರೋಪನ್ನು ಹೊಕ್ಕ ಮೇಲೆ, 15ನೆಯ ಶತಮಾನದ ಕೊನೆಯ ಹೊತ್ತಿಗೆ, ಒಂದೊಂದೇ ಮನೆ ಓರೆಯಾಗಿ ನಡೆಯುತ್ತಿದ್ದ ಮಂತ್ರಿಯು ಎಂಟು ದಿಕ್ಕಿಗೂ ದೂರ ಹಾಯುವ ರಾಣಿಯಾಗಿ ಮಾರ್ಪಟ್ಟಿತು. ಇಷ್ಟಾದರೂ ಅದನ್ನು ಬೇರೊಂದು ಆಟವೆಂದು ಯಾರೂ ಹೇಳುವುದಿಲ್ಲ. ಅರಸನನ್ನು ಕಟ್ಟಿಹಾಕುವುದೆಂಬ ಅದರ ಜೀವವು ಕೆಡದೆ ಉಳಿದಿದೆ. ಆದಕಾರಣ ಸ್ಥಾನಾಂತರ ಹೊಂದುವ ಯಾವ ಆಟದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಬಿಡಬಹುದಾದುದು ಯಾವುದು, ಬಿಡಬಾರದುದು ಯಾವುದು? ಈ ಪ್ರಶ್ನೆಗೆ ಇತ್ತೀಚಿನ ಕಾಲದ ಉತ್ತಮ ನಿದರ್ಶನವು, 1989ರಲ್ಲಿ ಅಮೆರಿಕಾ ದೇಶದಲ್ಲಿ ಗಣಕಯಂತ್ರಕ್ಕಾಗಿ ಪ್ರಕಟವಾಗಿ 1991ರಲ್ಲಿ ಜಪಾನಿನವರ ಕೈಯಿಂದ ಮನೆಯ ಟೆಲಿವಿಷನ್ನಿಗೆ ಬಂದ ಸಿಮ್‌ಸಿಟಿ ಎಂಬ ನಗರನಿರ್ಮಾಣದ ಆಟ.

ಇದರ ಕರ್ತನು 1960ರಲ್ಲಿ ಅಟ್ಲಾಂಟಾ ನಗರದಲ್ಲಿ ಜನಿಸಿದ ವಿಲ್ ರೈಟ್. ಆತನ ಮೊದಲ ಕೃತಿಯು 1984ರ ಒಂದು ಯುದ್ಧದ ಆಟ. ಹೆಲಿಕಾಪ್ಟರಿನಲ್ಲಿ ಹಾರುತ್ತ ಶತ್ರುಗಳ ದ್ವೀಪಗಳ ಮೇಲೆ ಬಾಂಬು ಹಾಕುವುದು ಅದರ ವಸ್ತು. ಆ ದ್ವೀಪಗಳನ್ನು ಚಿತ್ರಿಸುವುದಕ್ಕಾಗಿ ಆತನು ತನ್ನ ಉಪಯೋಗಕ್ಕೆಂದು ಒಂದು ಉಪಕರಣವನ್ನು ರಚಿಸಿಕೊಂಡಿದ್ದನು. ಕಟ್ಟಿದುದನ್ನು ಕೆಡಹುವುದಕ್ಕಿಂತ, ಆ ಉಪಕರಣದಿಂದ ರಸ್ತೆಗಳನ್ನೂ ಕಟ್ಟಡಗಳನ್ನೂ ಕಟ್ಟುವುದೇ ಆತನಿಗೆ ಹೆಚ್ಚಿನ ಸಂತೋಷವನ್ನುಂಟುಮಾಡಿತು. ಕಟ್ಟಿದ ಊರು ನಿಶ್ಚಲವಾಗಿರದೆ ತಾನಾಗಿಯೇ ಬೆಳೆಯಬೇಕು, ತಪ್ಪಿದರೆ ಕ್ಷಯಿಸಬೇಕು ಎಂಬ ಆಸೆಯು ಕ್ರಮೇಣ ಹುಟ್ಟಿತು.

ಇದಕ್ಕೆ ಬೇಕಾದ ಶಾಸ್ತ್ರವು ಜೇ ಫಾರೆಸ್ಟರ್ ಎಂಬ ಪಂಡಿತನ ಗ್ರಂಥದಲ್ಲಿ ದೊರೆಯಿತು. ಈತನು ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕನು. ಬಾಸ್ಟನ್ ನಗರದ ಮೇಯರಾಗಿದ್ದು ನಿವೃತ್ತನಾದ ಜಾನ್ ಕಾಲಿನ್ಸ್ ಎಂಬವನ ಒಡನಾಟದಿಂದ ನಗರಗಳ ವಿಷಯದಲ್ಲಿ ಆಸಕ್ತಿ ತಾಳಿ, 1969ರಲ್ಲಿ ‘ಅರ್ಬನ್ ಡೈನಮಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಮನೆಗಳು, ಉದ್ಯಮಗಳು, ಜನರು ಎಂಬ ಮೂರು ಒಂದನ್ನೊಂದು ಹೇಗೆ ಹೆಚ್ಚಿಸುವುವು, ಹೇಗೆ ಕುಗ್ಗಿಸುವುವು ಎಂಬುದನ್ನು ಆತನು ಸಮೀಕರಣಗಳಲ್ಲಿ ಹೇಳಿದ್ದನು. ಬಡವರಿಗಾಗಿ ಅಗ್ಗದ ಮನೆಗಳನ್ನು ಕಟ್ಟಿಸುವುದರಿಂದ ಹಳೆಯ ನಗರದ ಸ್ಥಿತಿಯು ಇನ್ನೂ ಕೆಡುವುದೆಂಬ ಆತನ ಸಿದ್ಧಾಂತವು ಆಗಲೇ ಬಹು ವಿವಾದಕ್ಕೆ ಗುರಿಯಾಗಿತ್ತು. ಲೆಕ್ಕದ ಹಿಂದೆ ಅಭಿಪ್ರಾಯವೂ ಇರುವುದೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಇದರಿಂದ ಪ್ರಯೋಜನವಿದೆ.

ರೈಟನು 1985ರಲ್ಲಿಯೇ ಆಟವನ್ನು ಮುಗಿಸಿದನು; ಆಗ ಅದರ ಹೆಸರು ಮೈಕ್ರೊಪೊಲಿಸ್. ಆದರೆ ಆತನ ಹಿಂದಿನ ಕೃತಿಯ ಪ್ರಕಾಶಕರಾದ ಬ್ರೋಡರ್‌ಬಂಡ್ ಕಂಪೆನಿಯವರು ಅದನ್ನು ಹೊರತರಲು ಒಪ್ಪಲಿಲ್ಲ. ಗೆಲುವಿಲ್ಲ, ಸೋಲಿಲ್ಲ, ಕೊನೆಯೂ ಇಲ್ಲ. ಇದೆಂತಹ ಆಟ ಎಂಬುದು ಅವರ ಆಕ್ಷೇಪ. ಕಡೆಗೆ ರೈಟನು ಜೆಫ್ ಬ್ರಾನ್ ಎಂಬವನೊಡನೆ ಕೂಡಿ 1987ರಲ್ಲಿ ಮ್ಯಾಕ್ಸಿಸ್ ಎಂಬ ಕಂಪೆನಿಯನ್ನು ಸ್ಥಾಪಿಸಿದನು. 1989ರಲ್ಲಿ ಆಟವು ಮ್ಯಾಕಿಂಟಾಷ್ ಮೊದಲಾದ ಗಣಕಯಂತ್ರಗಳಿಗೆ ಬಂದಿತು. ಮೊದಲು ಬೇಡವೆಂದ ಕಂಪೆನಿಯವರೇ ಅದನ್ನು ಹಂಚುವ ಭಾರವನ್ನು ಹೊತ್ತರು.

ಆಟದ ಕ್ರಮವಾದರೋ ಹೀಗಿದೆ. ಆಡುವವನು ಬರಿಯ ನೆಲವುಳ್ಳ ಒಂದು ಪ್ರದೇಶಕ್ಕೆ ಮೇಯರಾಗುವನು. ಮನೆಗಳಿಗೆ, ಅಂಗಡಿಗಳಿಗೆ, ಕಾರ್ಖಾನೆಗಳಿಗೆ ನೆಲವನ್ನು ಗೊತ್ತುಮಾಡುವುದು, ರಸ್ತೆಗಳನ್ನೂ ವಿದ್ಯುತ್ತಿನ ತಂತಿಗಳನ್ನೂ ಎಳೆಯುವುದು, ತೆರಿಗೆಯನ್ನು ನಿಗದಿಪಡಿಸುವುದು, ಪೋಲೀಸು ಠಾಣೆಗಳನ್ನೂ ಅಗ್ನಿಶಾಮಕ ಠಾಣೆಗಳನ್ನೂ ಸ್ಥಾಪಿಸುವುದು ಆತನ ಅಧಿಕಾರ. ಆದರೆ ಒಂದು ಮನೆಯನ್ನಾದರೂ ತಾನೇ ಕಟ್ಟುವಂತಿಲ್ಲ. ಅನುಕೂಲವಿದ್ದರೆ ಜನರು ಬಂದು ಕಟ್ಟಿಕೊಳ್ಳುವರು, ಇಲ್ಲದಿದ್ದರೆ ಬಿಟ್ಟುಹೋಗುವರು. ಈ ಸಂಯಮವೇ ಆಟದ ಜೀವ.

ಈಗ ಯಂತ್ರಗಳ ತಾರತಮ್ಯವನ್ನು ನೋಡಬೇಕು. ಈ ಆಟದ ಪ್ರೋಗ್ರಾಂ 2008ರಲ್ಲಿ ಮೈಕ್ರೊಪೊಲಿಸ್ ಎಂಬ ಪೂರ್ವದ ಹೆಸರಿನಿಂದಲೇ ಸಾರ್ವಜನಿಕವಾಗಿ ಪ್ರಕಟವಾದುದರಿಂದ ಅದರ ಒಳಗಿನ ರಚನೆಯು ಸ್ಪಷ್ಟವಾಗಿ ತಿಳಿದಿದೆ. ನಗರದ ನಕ್ಷೆಯು 120 ಚೌಕ ಅಗಲ, 100 ಚೌಕ ಎತ್ತರ; ಒಟ್ಟು 12,000 ಚೌಕಗಳು. ಒಂದೊಂದು ಚೌಕಕ್ಕೂ 2 ಬೈಟುಗಳಂತೆ ನಕ್ಷೆಯೊಂದಕ್ಕೇ 24,000 ಬೈಟುಗಳ ಸ್ಮರಣೆ ಬೇಕು. ಹೊಗೆ, ಅಪರಾಧ, ನೆಲದ ಬೆಲೆ ಇವುಗಳ ಲೆಕ್ಕವು ಬೇರೆ. ಅದನ್ನು ಮಿತಗೊಳಿಸುವುದಕ್ಕಾಗಿ ನಾಲ್ಕು ಚೌಕಗಳನ್ನು ಒಂದಾಗಿ ಭಾವಿಸಿ 60ಕ್ಕೆ 50ರ ಕಿರಿಯ ಪಟಗಳಲ್ಲಿ ಬರೆದಿಡಲಾಗಿದೆ. ಎಲ್ಲವನ್ನೂ ಒಮ್ಮೆಗೇ ಗಣಿಸಿದರೆ ಯಂತ್ರವು ತಡೆದು ನಿಲ್ಲುವುದರಿಂದ ಕೆಲಸವನ್ನು 16 ಹಂತಗಳಾಗಿ ವಿಭಾಗಿಸಿ, ಸರದಿಯ ಮೇಲೆ ಒಂದೊಂದನ್ನು ನಡಸುವ ಏರ್ಪಾಡೂ ಇದೆ.

ಹೀಗಿರುವಲ್ಲಿ, ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ, ಕನ್ಸೋಲ್ ಎಂದು ಕರೆಯುವ ಪೆಟ್ಟಿಗೆಯ ಶಕ್ತಿಯೆಷ್ಟು? ನಿಂಟೆಂಡೋ ಕಂಪೆನಿಯವರು 1983ರಲ್ಲಿ ಜಪಾನಿನಲ್ಲಿಯೂ ಬಳಿಕ ಅಮೆರಿಕಾದಲ್ಲಿಯೂ ಮಾರಿದ ಮೊದಲ ಕನ್ಸೋಲಿನ ಕೆಲಸದ ಸ್ಮರಣೆಯು 2,048 ಬೈಟುಗಳು ಮಾತ್ರ. ನಕ್ಷೆಯ ಹನ್ನೊಂದರಲ್ಲಿ ಒಂದು ಪಾಲಿಗೂ ಅದು ಸಾಲದು. 1990ರ ನವೆಂಬರಿನಲ್ಲಿ ಬಂದ ಸೂಪರ್ ಫ್ಯಾಮಿಕಾಮ್ ಎಂಬ ಎರಡನೆಯ ಪೆಟ್ಟಿಗೆಯಲ್ಲಾದರೋ 1,31,072 ಬೈಟುಗಳಿದ್ದುವು. ಸ್ಮರಣೆಯ ಕೊರತೆ ನೀಗಿತು. ಆದರೆ ಕೈಯ ಕೊರತೆ ನೀಗಲಿಲ್ಲ. ಗಣಕಯಂತ್ರದವನಿಗೆ ಕೀಲಿಮಣೆಯೂ ಮೌಸೂ ಉಂಟು. ಕನ್ಸೋಲಿನವನ ಅಂಗೈಯಲ್ಲಿ ದಿಕ್ಕು ತೋರುವ ಒಂದು ಶಿಲುಬೆಯೂ ಕೆಲವು ಗುಂಡಿಗಳೂ ಮಾತ್ರ. ಸೂಪರ್ ಫ್ಯಾಮಿಕಾಮಿಗೆ ಮೌಸ್ ಬಂದುದು 1992ರಲ್ಲಿ.

ನಿಂಟೆಂಡೋ ಎಂಬುದು 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಯಾರಿಸುವುದಕ್ಕಾಗಿ ಸ್ಥಾಪಿತವಾದ ಕಂಪೆನಿ. ಇವರು ಮ್ಯಾಕ್ಸಿಸಿನ ಅನುಮತಿ ಪಡೆದು ಆಟವನ್ನು ತಾವೇ ಹೊಸದಾಗಿ ರಚಿಸಲು ತೊಡಗಿದರು. ಮಾರಿಯೋ ಎಂಬ ಪ್ರಸಿದ್ಧ ಪಾತ್ರದ ಕರ್ತನಾದ ಶಿಗೆರು ಮಿಯಾಮೊಟೊ ಈ ಕಾರ್ಯದ ಮೇಲ್ವಿಚಾರಣೆ ವಹಿಸಿದನು. ರೈಟನು ಸ್ವತಃ ಕ್ಯೋಟೋ ನಗರಕ್ಕೆ ಹೋಗಿ ಅವರೊಡನೆ ಆಲೋಚಿಸಿದನು. ಎರಡು ಪೆಟ್ಟಿಗೆಗಳಿಗೂ ಆಟವನ್ನು ಸಿದ್ಧಪಡಿಸುವ ಯತ್ನ ನಡೆಯಿತು. ಸೂಪರ್ ಫ್ಯಾಮಿಕಾಮಿನ ಆಟವು 1991ರ ಏಪ್ರಿಲ್ 26ರಂದು ಜಪಾನಿನಲ್ಲಿಯೂ ಅದೇ ವರ್ಷ ಅಮೆರಿಕಾದಲ್ಲಿಯೂ ಪ್ರಕಟವಾಯಿತು. ಹಳೆಯ ಪೆಟ್ಟಿಗೆಯದು 1991ರ ಜನವರಿಯಲ್ಲಿ ಲಾಸ್ ವೇಗಾಸಿನ ವಸ್ತುಪ್ರದರ್ಶನದಲ್ಲಿ ತೋರಿಬಂದು, ಪ್ರಕಟವಾಗದೆ ಮರೆಯಾಯಿತು.

ಕ್ಯೋಟೋ ನಗರದವರು ಮಾಡಿದ ಮಾರ್ಪಾಡುಗಳಲ್ಲಿ ಮುಖ್ಯವಾದುದು ಉಪದೇಶಕ್ರಮದ ಮಾರ್ಪಾಡು. ಗಣಕಯಂತ್ರದ ಆಟದೊಡನೆ ಒಂದು ಮುದ್ರಿತ ಕೈಪಿಡಿ ಬರುತ್ತಿತ್ತು. ನಗರಗಳ ಮತ್ತು ನಗರಯೋಜನೆಯ ಇತಿಹಾಸವನ್ನು ಕುರಿತ ಪ್ರಬಂಧವೂ ಅದರಲ್ಲಿತ್ತು. ಅದನ್ನೋದಿ ಆಡುವವರು ಪ್ರಾಯಶಃ ವಯಸ್ಕರು. ಮನೆಯ ನಡುವೆ ಟೆಲಿವಿಷನ್ನಿನ ಮುಂದೆ ಕುಳಿತ ಹತ್ತು ವರ್ಷದ ಬಾಲಕನು ಪ್ರಬಂಧವನ್ನೋದಿ ಆಟಕ್ಕೆ ತೊಡಗುವನೆಂದು ಯಾರು ನಂಬಿಯಾರು? ಆದಕಾರಣ ಪುಸ್ತಕವು ಗುರುವಾಯಿತು. ಹಸಿರು ಕೂದಲಿನ ಒಬ್ಬ ನಗೆಮುಖದ ಪಂಡಿತನು ತೆರೆಯ ಮೇಲೆ ಕಾಣಿಸಿಕೊಂಡು, ವಿದ್ಯುತ್ತು ಸಾಲದು, ರಸ್ತೆಗಳು ಕಿಕ್ಕಿರಿದಿವೆ, ತೆರಿಗೆಯು ಹೆಚ್ಚಾಯಿತು ಎಂದು ಸಮಯವರಿತು ಹೇಳುವನು. ಅವನಿಗೆ ಡಾಕ್ಟರ್ ರೈಟ್ ಎಂದು ಮೂಲಕರ್ತನ ಹೆಸರನ್ನೇ ಇಟ್ಟರು.

ಎರಡನೆಯದು ಪದವಿಗಳ ಏರ್ಪಾಡು. ಜನಸಂಖ್ಯೆಯು 2,000 ಮುಟ್ಟಿದಾಗ ಹಳ್ಳಿಯು ಪಟ್ಟಣವಾಗುವುದು. 10,000ಕ್ಕೆ ನಗರ, 50,000ಕ್ಕೆ ರಾಜಧಾನಿ, 1,00,000ಕ್ಕೆ ಮಹಾನಗರ. 5,00,000ಕ್ಕೆ ಪರಮಪದವಿ, ಅದರೊಡನೆ ಮಾರಿಯೋವಿನ ಒಂದು ಪ್ರತಿಮೆ. ಗ್ರಾಮ, ಖೇಡ, ಖರ್ವಡ, ಪತ್ತನಗಳೆಂಬ ಭೇದಗಳನ್ನು ಶಾಸನಗಳಲ್ಲಿ ಓದಿದ ಕನ್ನಡಿಗರಿಗೆ ಇಂತಹ ಶ್ರೇಣಿಯು ಅಪೂರ್ವವೆನಿಸದು. ಊರಿನ ಪದವಿ ಏರಿದಂತೆ ಸೋಯೋ ಓಕಾ ಎಂಬಾಕೆ ರಚಿಸಿದ ಸಂಗೀತವೂ ಬದಲಾಗುವುದು. ತಿಂಗಳು ಸರಿದಂತೆ ಮರಗಳ ಬಣ್ಣವೂ ಬದಲಾಗುವುದು. ಮೇಯರ ಮನೆ, ಗ್ರಂಥಾಲಯ, ಮೃಗಾಲಯ, ಬ್ಯಾಂಕು ಮುಂತಾದುವು ನಡುನಡುವೆ ಬಹುಮಾನವಾಗಿ ದೊರೆಯುವುವು. ಬೇಕೆಂದರೆ ಜೂಜಿನ ಕಟ್ಟೆಯೂ ಉಂಟು. ಅದರಿಂದ ಬೊಕ್ಕಸ ತುಂಬುವುದು, ಊರಿನಲ್ಲಿ ಅಪರಾಧವೂ ಹೆಚ್ಚುವುದು.

ಇಲ್ಲಿ ಆಕ್ಷೇಪಕ್ಕೆ ಅವಕಾಶವಿದೆ. ಗುರಿಯಿಲ್ಲದಿರುವುದೇ ಈ ಆಟದ ವಿಶೇಷವಾಗಿರಲು, ಗುರಿಗಳನ್ನು ಇರಿಸಿದರೆ ಮೂಲಕ್ಕೆ ಭಂಗ ಬರಲಿಲ್ಲವೆ? ಬರಲಿಲ್ಲವೆಂದೇ ಹೇಳಬೇಕು. ಪದವಿಗಳು ದಾರಿಯ ಬದಿಯ ಮೈಲಿಗಲ್ಲುಗಳು. ದಾರಿಯನ್ನು ಅಡ್ಡಗಟ್ಟುವ ಗೋಡೆಗಳಲ್ಲ. ಪ್ರತಿಮೆ ದೊರೆತ ಮೇಲೂ ನಗರವು ಬಾಳುತ್ತಲೇ ಇರುವುದು. ಸಣ್ಣ ಹಳ್ಳಿಯನ್ನೇ ಅಚ್ಚುಕಟ್ಟಾಗಿ ಇಟ್ಟುಕೊಂಡಿರಲು ಬಯಸುವವನನ್ನು ಯಾರೂ ದಂಡಿಸರು. ಪ್ರಕಾಶಕರು ಯಾವುದನ್ನು ದೋಷವೆಂದು 1985ರಲ್ಲಿ ತಿರಸ್ಕರಿಸಿದ್ದರೋ, ಆ ಸ್ವಾತಂತ್ರ್ಯವು ಮಕ್ಕಳ ಕೈ ಸೇರಿದ ಮೇಲೂ ಉಳಿಯಿತು.

ಹಾಗೆಂದು ನಷ್ಟವೇ ಆಗಲಿಲ್ಲವೆನ್ನಲಾಗದು. ಮೂಲದಲ್ಲಿ ಇತಿಹಾಸದ ಸಂಕಟಗಳನ್ನು ಎದುರಿಸುವ ಪ್ರಸಂಗಗಳಿದ್ದುವು: 1906ರ ಭೂಕಂಪದ ಸಾನ್‌ಫ್ರಾನ್ಸಿಸ್ಕೋ, ವಾಹನಗಳಿಂದ ಇರುಕಿದ 1965ರ ಬರ್ನ್, 1944ರಲ್ಲಿ ಬಾಂಬಿನ ಬೆಂಕಿಗೆ ಸಿಕ್ಕಿದ ಹ್ಯಾಂಬರ್ಗ್. ಕನ್ಸೋಲಿನಲ್ಲಿ ಹ್ಯಾಂಬರ್ಗ್ ಇಲ್ಲ. ಟೋಕಿಯೋವನ್ನು ತುಳಿಯುತ್ತಿದ್ದ ರಾಕ್ಷಸಮೃಗದ ಸ್ಥಾನದಲ್ಲಿ ಮಾರಿಯೋವಿನ ಹಗೆಯಾದ ಬೌಸರನು ಬಂದನು. ಭಯವು ವಿನೋದವಾಯಿತು. ಇದಕ್ಕಿಂತ ಸೂಕ್ಷ್ಮವಾದ ನಷ್ಟವು ಇನ್ನೊಂದು. ಪುಸ್ತಕದೊಡನೆ ವಾದಿಸಬಹುದು, ನಗುತ್ತ ಮಾತಾಡುವ ಗುರುವಿನೊಡನೆ ಬಾಲಕನು ವಾದಿಸನು. ಹಸಿರು ಕೂದಲಿನ ಪಂಡಿತನು ಹೇಳಿದುದು ನಗರಗಳ ಸ್ವಭಾವವೆಂದೇ ಅವನು ನಂಬುವನು. ಅದು ಒಬ್ಬ ಗ್ರಂಥಕರ್ತನ ಸಿದ್ಧಾಂತವನ್ನು ಅವಲಂಬಿಸಿದ ಮತ್ತೊಬ್ಬನ ಊಹೆಯೆಂಬುದನ್ನು ಅರಿಯನು. ಗುರುವಿನ ಮಾತು ಸುಲಭವಾದಷ್ಟೂ ಶಿಷ್ಯನಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಭಾರವು ಮನೆಯ ಹಿರಿಯರ ಮೇಲೆ ಬೀಳುವುದು.

ಅನಂತರದ ಕಥೆಯನ್ನು ಸಂಕ್ಷೇಪಿಸಬಹುದು. ಗಣಕಯಂತ್ರದಲ್ಲಿ 1993ರಲ್ಲಿ ಬಂದ ಸಿಮ್‌ಸಿಟಿ 2000 ಎಂಬ ಎರಡನೆಯ ಆಟವನ್ನೂ ಅದೇ ಕನ್ಸೋಲಿಗೆ ತಂದರು. ಭಾರವನ್ನು ಇಳಿಸದೆ ಹೇರಿದುದರಿಂದ ಅದು ಆಮೆಯಂತೆ ನಡೆಯಿತು. ಫಿನ್ಲೆಂಡಿನವರು 2015ರಲ್ಲಿ ರಚಿಸಿದ ಸಿಟೀಸ್ ಸ್ಕೈಲೈನ್ಸ್ ಎಂಬ ನಗರದ ಆಟವು 2017ರಲ್ಲಿ ಕನ್ಸೋಲುಗಳಿಗೆ ಬಂದಾಗಲೂ, ಗುಂಡಿಗಳಿಗೆ ತಕ್ಕಂತೆ ಇಡೀ ನಿಯಂತ್ರಣಕ್ರಮವನ್ನು ಹೊಸದಾಗಿ ಯೋಚಿಸಬೇಕಾಯಿತು. ಮರೆಯಾಗಿದ್ದ ಹಳೆಯ ಪೆಟ್ಟಿಗೆಯ ಸಿಮ್‌ಸಿಟಿಯ ಪ್ರತಿಗಳು 2017ರಲ್ಲಿ ಬೆಳಕಿಗೆ ಬಂದುವು. ಆಟಗಳ ಇತಿಹಾಸವನ್ನು ರಕ್ಷಿಸುವ ಒಂದು ಸಂಸ್ಥೆಯವರು 2018ರ ಡಿಸೆಂಬರಿನಲ್ಲಿ ಅದನ್ನು ಪರಿಶೋಧಿಸಿ ಎಲ್ಲರಿಗೂ ದೊರಕಿಸಿದರು. ಗೆದ್ದಲು ಹಿಡಿದ ಕಟ್ಟಿನಿಂದ ತಾಳೆಗರಿಯ ಪ್ರತಿಯೊಂದನ್ನು ಬಿಡಿಸಿ ತೆಗೆದವರ ಸಂತೋಷವನ್ನು ಬಲ್ಲವರು ಅವರ ಸಂತೋಷವನ್ನೂ ಬಲ್ಲರು.

ದೇವಾಲಯದ ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ; ಬೀದಿಯ ಜನರಿಗೆ ದರ್ಶನ ಕೊಡುವುದಕ್ಕಾಗಿ ಹೊರಡುವುದು ಉತ್ಸವಮೂರ್ತಿ. ಅದು ಗಾತ್ರದಲ್ಲಿ ಕಿರಿದು, ಅಲಂಕಾರದಲ್ಲಿ ಹೆಚ್ಚು. ಆದರೆ ಸನ್ನಿಧಾನವು ಅದೇ. ಕ್ಯೋಟೋ ನಗರದವರು ಅಲಂಕಾರವನ್ನು ಸೇರಿಸಿದರು, ಕೆಲವನ್ನು ಬಿಟ್ಟರು. ಆದರೆ ಜನರು ತಾವಾಗಿ ಬರಬೇಕು, ಮೇಯರು ಅವರನ್ನು ಎಳೆದು ತರಲಾರನು ಎಂಬ ಒಂದು ತತ್ತ್ವವನ್ನು ಮುಟ್ಟಲಿಲ್ಲ. ಅದರಿಂದಲೇ ಎಷ್ಟೋ ಮನೆಗಳ ಮಕ್ಕಳು ಗಣಕಯಂತ್ರವನ್ನು ಕಾಣುವುದಕ್ಕೆ ಮೊದಲೇ, ಊರೆಂಬುದು ಆಜ್ಞೆಯಿಂದ ಕಟ್ಟತಕ್ಕುದಲ್ಲ, ಅನುಕೂಲದಿಂದ ಬೆಳೆಯತಕ್ಕುದು ಎಂಬ ಪಾಠವನ್ನು ಆಡುತ್ತಾಡುತ್ತ ಕಲಿತರು.