ರಕ್ತ ಮತ್ತು ರಕ್ತನಾಳಗಳು

ವಯಸ್ಕರಾದ ನಮ್ಮ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಸುಮಾರು ಶೇ. 55 ಭಾಗ ಪ್ಲಾಸ್ಮಾ ಎಂಬ ನಸುಹಳದಿ ದ್ರವ, ಉಳಿದುದು ರಕ್ತಕಣಗಳು. ಕೆಂಪು ಕಣಗಳು ಹಿಮೋಗ್ಲೋಬಿನ್ ಮೂಲಕ ಆಮ್ಲಜನಕವನ್ನು ಸಾಗಿಸುತ್ತವೆ. ಅವುಗಳ ಆಯುಷ್ಯ ಸುಮಾರು 120 ದಿನ. ಬಿಳಿ ಕಣಗಳು ರೋಗಾಣುಗಳನ್ನು ಎದುರಿಸುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳು ನೆರವಾಗುತ್ತವೆ.

ಹೃದಯದಿಂದ ರಕ್ತವನ್ನು ಒಯ್ಯುವವು ಅಪಧಮನಿಗಳು; ಒತ್ತಡವನ್ನು ತಾಳಲು ಇವುಗಳ ಭಿತ್ತಿ ದಪ್ಪವಾಗಿರುತ್ತದೆ. ಹೃದಯಕ್ಕೆ ಮರಳಿ ತರುವವು ಅಭಿಧಮನಿಗಳು. ರಕ್ತ ಹಿಮ್ಮುಖವಾಗಿ ಹರಿಯದಂತೆ ಇವುಗಳಲ್ಲಿ ಕವಾಟಗಳಿವೆ. ಇವೆರಡನ್ನೂ ಬೆಸೆಯುವ ಲೋಮನಾಳಗಳ ಭಿತ್ತಿ ಒಂದೇ ಪದರ ಜೀವಕೋಶಗಳದು. ಆಮ್ಲಜನಕ, ಪೋಷಕಾಂಶಗಳ ವಿನಿಮಯ ನಡೆಯುವುದು ಇಲ್ಲಿಯೇ. 1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದಾಗ ಇವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1661ರಲ್ಲಿ ಮಾಲ್ಪಿಘಿ ಸೂಕ್ಷ್ಮದರ್ಶಕದಿಂದ ಇವನ್ನು ಕಂಡರು.

1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದರು. 1952ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ‘ಬಾಂಬೆ ಗುಂಪ’ನ್ನು ಪತ್ತೆಹಚ್ಚಿದರು. ‘ಎಚ್’ ಪ್ರತಿಜನಕವಿಲ್ಲದ ಈ ರಕ್ತ ಮೇಲ್ನೋಟದ ಪರೀಕ್ಷೆಯಲ್ಲಿ ‘ಓ’ ಎಂದೇ ತೋರಬಹುದು. ಆದರೆ ಇವರಿಗೆ ‘ಓ’ ರಕ್ತವನ್ನಿತ್ತರೆ ಪ್ರಾಣಾಪಾಯ. ಇದೇ ವಿರಳ ಗುಂಪಿನವರ ರಕ್ತವೇ ಬೇಕು.

ದಾನವಾಗಿ ಬಂದ ರಕ್ತವನ್ನು ಘಟಕಗಳಾಗಿ ಬೇರ್ಪಡಿಸಿದರೆ ಒಬ್ಬರ ದಾನ ಹಲವರಿಗೆ ಒದಗುತ್ತದೆ. ಆದರೆ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನವಷ್ಟೇ ಕಾಪಿಡಬಹುದು. ಆದ್ದರಿಂದ ಒಮ್ಮೆ ಶಿಬಿರ ನಡೆಸಿ ಸುಮ್ಮನಾದರೆ ಸಾಲದು. ಆರೋಗ್ಯವಂತ ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ರಕ್ತ ನೀಡಬಹುದು. ನಮ್ಮ ಗುಂಪು ಯಾವುದೆಂದು ಅರಿತಿರೋಣ. ಕರೆ ಬರುವ ಮೊದಲೇ ದಾನಿಗಳಾಗೋಣ.